ಮೂರನೆಯ ಹಿಡಿ

ಮೇಚೇರಿ,
ಮಾರ್ಚ್ ೧೯೩೬

ಪೂಜ್ಯ ಪಾದ್ರಿಯವರಿಗೆ ಲೇಯಮ್ಮ ಮಾಡುವ ವಂದನೆಗಳು.

ಕಳೆದ ಭಾನುವಾರ ತಾವು ನಮ್ಮ ಮನೆಯ ಕಾಣಿಕೆ ಮಡಕೆಯನ್ನು ಸಭೆಯ ಮುಂದೆ ಎತ್ತಿ ಹಿಡಿದು, “ಸಾವಾದ ಮನೆಯಿಂದಲೂ ರಾಗಿ ಕಡಿಮೆಯಾಗಿಲ್ಲ, ಈಕೆ ನಂಬಿಗಸ್ತ ಮನೆವಾರ್ತೆಯವಳು” ಎಂದಿರಿ. ದಯವಿಟ್ಟು ಇನ್ನೊಮ್ಮೆ ಹಾಗೆ ಹೇಳಬೇಡಿ.

ರಾಗಿ ಬೀಸುವ ಮೊದಲು, ಮನೆಯಲ್ಲಿ ಉಣ್ಣುವವರ ತಲೆಗೊಂದು ಹಿಡಿ ದೇವರಿಗೆ ಎತ್ತಿಡುವುದನ್ನು ತಾವೇ ನಮಗೆ ಕಲಿಸಿದಿರಿ. ನನ್ನದು, ಯಜಮಾನರದು, ಆಮೇಲೆ ಮಗಳು ದೀನಮ್ಮನದು. ಅವಳನ್ನು ಮಣ್ಣು ಮಾಡಿ ಬಂದ ಮೇಲೂ ನನ್ನ ಕೈ ತಾನಾಗಿ ಮೂರನೆಯ ಹಿಡಿಯನ್ನು ಹಾಕಿಬಿಡುತ್ತದೆ. ಮೊನ್ನೆ ಯಜಮಾನರು ಅದನ್ನು ನೋಡಿ, “ಮೂರ್ನೇ ಇಡಿ ಯಾರ್ದು, ಲೇಯಾ?” ಎಂದು ಕೇಳಿ, ಉಣ್ಣದೆ ಕುರಿಗಳ ಹಿಂದೆ ಹೊರಟುಹೋದರು. ದೇವರಿಗೆ ಹಾಕಿದ್ದನ್ನು ನಾನು ವಾಪಸ್ಸು ತೆಗೆಯುವುದು ಹೇಗೆ?

ಒಂದು ಕೋರಿಕೆ ಇದೆ. ಮಡಕೆಗಳ ರಾಗಿಯನ್ನು ಹರಾಜು ಹಾಕುವಾಗ ಆ ಒಂದು ಪಾಲನ್ನು ಮಾತ್ರ ಮಾರಬೇಡಿ. ಶಾಲೆಯಲ್ಲಿ ಯಾವುದಾದರೂ ಮಗುವಿಗೆ ಗಂಜಿ ಕಾಯಿಸಿ ಕೊಡಿಸಿ. ತುಸು ಬೆಲ್ಲ ಹಾಕಿದರೆ ಹಟ ಮಾಡದೆ ಕುಡಿಯುತ್ತಾಳೆ.

ತಮ್ಮ ಸಭೆಯವಳು,
ಲೇಯಮ್ಮ