ಎಂಟನೆಯ ಸಾಲು

ಕೆಳಗಿನ ಕೋಣೆ, ಡಬ್ಲಿನ್, ಕ್ಯಾಲಿಫೋರ್ನಿಯಾ
೧೬ ನವೆಂಬರ್ ೨೦೨೪, ಶನಿವಾರ

ನನ್ನ ಮುದ್ದಿನ ಆರತಿಗೆ,

ಅವ್ವನ ಆಶೀರ್ವಾದ. ಒಂದೇ ಮನೆಯಲ್ಲಿದ್ದುಕೊಂಡು, ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು ಹೇಳುವುದು ಬಿಟ್ಟು ಇವಳು ಕಾಗದ ಯಾಕೆ ಬರೆದಳು ಎಂದು ನಿನಗೆ ನಗು ಬರಬಹುದು. ನಗಬೇಡ. ಈ ವಾರ ನಾಲ್ಕು ಸಲ ಹತ್ತಿ ಬಂದಿದ್ದೆ. ನಾಲ್ಕು ಸಲವೂ ನೀನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಒಂದು ಬೆರಳು ಎತ್ತಿದೆ. ಅವ್ವಾ, ಒಂದ ಮಿನಿಟ್, ಮೀಟಿಂಗ್‌ನ್ಯಾಗ ಅದೀನಿ ಎಂದೆ. ಆ ಮಿನಿಟು ಇನ್ನೂ ಮುಗಿದಿಲ್ಲ. ಕಾಗದಕ್ಕೆ ಯಾರೂ ಬೆರಳು ತೋರಿಸಲಾರರು, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಒಂದೇ. ಕ್ರಿಸ್‌ಮಸ್ ರಜೆಯಲ್ಲಿ ಹಿಮದ ಮೇಲೆ ಜಾರುವ ನಿಮ್ಮ ಸ್ಕೀ ಪ್ರವಾಸಕ್ಕೆ ನಾನು ಬರುತ್ತೇನೋ ಇಲ್ಲವೋ ಎಂಬುದು ಈ ಕಾಗದಕ್ಕೆ ನೀನು ಏನು ಹೇಳುತ್ತೀ ಎಂಬುದರ ಮೇಲಿದೆ.

ಮೂರು ತಿಂಗಳಿಂದ ಈ ಮನೆಯಲ್ಲಿ ಬೇರೆ ಮಾತೇ ಇಲ್ಲ. ನಾಲ್ಕು ತಾಸು ಕಾರು ಓಡಿಸಿದರೆ ಟಾಹೋದಲ್ಲಿ ಬೇಕಾದಷ್ಟು ಹಿಮ. ಅದು ಬೇಡವಾಯಿತು, ಅಲ್ಲಿ ಹೋದರೆ ಆಫೀಸಿನವರೇ ಎದುರಾಗುತ್ತಾರಂತೆ. ನಿನ್ನ ಗಂಡ ಕಿರಣಕುಮಾರನಿಗೆ ಆಸ್ಟ್ರಿಯಾದ ಬೆಟ್ಟದ ಹಳ್ಳಿಯೇ ಆಗಬೇಕು. ನೂರಾರು ವರ್ಷದ ಕಟ್ಟಿಗೆಯ ಮನೆ, ಪಕ್ಕದಲ್ಲಿ ದನದ ಕೊಟ್ಟಿಗೆ. ಮಕ್ಕಳು ರಿಯಲ್ ಕಲ್ಚರ್ ನೋಡಬೇಕ್ರಿ ಅತ್ತಿ ಎಂದ. ಆಗಲಪ್ಪಾ ಎಂದೆ. ಆಮೇಲೆ ಸಾಮಾನಿನ ಪಟ್ಟಿ ನೋಡಿದರೆ ಎಂಬತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕುಕ್ಕರು, ಇಂಡಕ್ಷನ್ ಒಲೆ, ಆ ಒಲೆಗೆ ಅಲ್ಲಿಯ ಪ್ಲಗ್ಗು. ಕಲ್ಚರ್ ನೋಡಲು ಹೋಗುವವರು ಆ ಊರಿನ ಒಂದು ಚಮಚ ಸೂಪು ಕೂಡ ಬಾಯಿಗೆ ಹಾಕುವುದಿಲ್ಲವಂತೆ! ನಿನ್ನ ತಮ್ಮ ಶಿವಪ್ರಸಾದ ಸನ್ನಿವೇಲ್‌ನಿಂದ ಎರಡು ಶನಿವಾರ ಬಂದು ಹೆಲ್ಮೆಟ್ಟಿನ ಬಣ್ಣಕ್ಕೆ ವಾದ ಮಾಡಿದ. ಬಾಲ್ಕನಿಯ ಕೋಣೆ ಯಾರಿಗೆ ಎಂಬುದಕ್ಕೆ ನೀನೂ ಅವನ ಹೆಂಡತಿ ಶೀತಲ್‌ಳೂ ಒಂದು ವಾರ ಮಾತು ಬಿಟ್ಟಿರಿ. ನಾನು ಚಹಾ ಸೋಸಿ ಕೊಡುತ್ತ ಎಲ್ಲ ಕೇಳಿಸಿಕೊಂಡೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕಿರಣಕುಮಾರನ ಆ ದೊಡ್ಡ ಸ್ಪ್ರೆಡ್‌ಶೀಟು ಫ್ರಿಜ್ಜಿನ ಮೇಲೆ ಅಂಟಿಕೊಂಡಿದೆ. ಎಂಟು ಜನ, ಎಂಟು ಸಾಲು. ನಿಮ್ಮ ನಾಲ್ವರ ಮುಂದೆ, ಶಿವಪ್ರಸಾದನ ಮನೆಯ ಮೂವರ ಮುಂದೆ ಬೂಟಿನ ಅಳತೆ, ಸ್ಕೀ ಪಾಠದ ವೇಳೆ. ಅವನ ಆರು ವರ್ಷದ ಮಗನಿಗೂ ಉಂಟು. ಎಂಟನೆಯ ಸಾಲು ನನ್ನದು. ಬೂಟಿಗೊಂದು ಅಡ್ಡಗೆರೆ, ಪಾಠಕ್ಕೊಂದು ಅಡ್ಡಗೆರೆ. ಅದರ ಮುಂದೆ ಮಾತ್ರ ಜಾಗವೇ ಇಲ್ಲ: ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಬುತ್ತಿ, ಸಂಜೆ ಚಹಾ, ರಾತ್ರಿ ಅನ್ನ ಸಾರು. ಅದನ್ನೂ ನುಂಗಿಕೊಂಡೆ. ನಿಮಗೆ ಮಾಡಿ ಬಡಿಸುವುದು ನನಗೆ ಯಾವತ್ತೂ ಭಾರವಾಗಿಲ್ಲ. ಅಡ್ಡಗೆರೆ ಯಾಕೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೀನು ನನ್ನ ಸಲ್ವಾರಿನ ಮೊಣಕಾಲಿನ ಹಸಿರು ಕಲೆ ನೋಡಿಬಿಟ್ಟೆ. ಕರಿಬೇವಿಗೆ ನೀರು ಹಾಕುವಾಗ ಹುಲ್ಲಿನ ಮೇಲೆ ಜಾರಿದೆ ಎಂದೆ ನಾನು. ನೋಡು, ಅರವತ್ತಾರು ವರ್ಷ ಆತು, ಅದಕ್ಕ ನಿನಗ ಸ್ಕೀ ಬ್ಯಾಡ ಅನ್ನೂದು ಎಂದು ನೀನೇ ಮಾತು ಮುಗಿಸಿದೆ.

ಗುರುವಾರ ನಿನ್ನ ಮಗಳು ಗಾರ್ಗಿ ಅಡುಗೆಮನೆಯ ಐಪ್ಯಾಡಿನಲ್ಲಿ ನನಗೆ ವಚನ ಹಚ್ಚಿಕೊಡುತ್ತಿದ್ದಳು. ನಿನ್ನ ಮೇಲ್ ಕೂಡ ಅದರಲ್ಲೇ ತೆರೆಯುತ್ತದೆ ಎಂಬುದನ್ನು ನೀನು ಮರೆತಿರಬೇಕು. ಆ ಹಳ್ಳಿಯ ಮನೆಯೊಡತಿ ಹಿಲ್ಡಾ ಬರೆದಿದ್ದಳು. ಗಾರ್ಗಿ ದೊಡ್ಡ ದನಿಯಲ್ಲಿ ಓದಲು ಶುರುಮಾಡಿ ನಡುವೆ ನಿಲ್ಲಿಸಿದಳು. ಅಜ್ಜೀ, ದೇ ಥಿಂಕ್ ಯು ಆರ್ ದ ಕುಕ್ ಎಂದು ಪಿಸುಗುಟ್ಟಿದಳು. ನಮ್ಮ ಏಳು ಅತಿಥಿಗಳಿಗೂ ನಿಮ್ಮ ಅಡುಗೆಯವಳಿಗೂ ಸ್ವಾಗತ ಎಂದಿತ್ತು. ಅಡುಗೆಯವಳ ಕೋಣೆ ಬಾಯ್ಲರಿನ ಪಕ್ಕಕ್ಕೆ, ಹೋಗಿಬರಲು ಹಿಂಬಾಗಿಲು.

ಕಿರಣಕುಮಾರನನ್ನು ಕೇಳಿದೆ. ಪಾಪ, ಅವನು ಮುಚ್ಚಿಡಲಿಲ್ಲ. ಆ ಮನೆಯಲ್ಲಿ ಏಳು ಜನರಿಗಷ್ಟೇ ಅವಕಾಶವಂತೆ. ಅಡುಗೆಯವರನ್ನು ಕರೆತಂದರೆ ಕೆಳಗೆ ಒಂದು ಸಣ್ಣ ಕೋಣೆ ಹೆಚ್ಚಿಗೆ ಕೊಡುತ್ತಾರಂತೆ. ಆರತಿ ಒಂದ ವರ್ಕ್‌ಅರೌಂಡ್ ಹುಡುಕಿದಳ್ರಿ, ಬರೇ ಫಾರ್ಮ್‌ನ್ಯಾಗ ಅಷ್ಟ ಎಂದ. ವರ್ಕ್‌ಅರೌಂಡ್ ಎಂದರೇನು ಎಂದು ಗಾರ್ಗಿಯನ್ನು ಕೇಳಿದೆ. ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುವುದು ಎಂದು ಅವಳ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಅಂದರೆ ಅಡ್ಡ ಬಂದವಳು ನಾನು.

ಆರತಿ, ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಮೂವತ್ತೊಂದು ವರ್ಷ ಡ್ರಿಲ್ ಟೀಚರ್ ಆಗಿದ್ದೆ. ಊರೆಲ್ಲ ಸೀಟಿ ಅಕ್ಕೋರು ಎಂದೇ ಕರೆಯುತ್ತಿತ್ತು. ಸೆರಗು ಸೊಂಟಕ್ಕೆ ಬಿಗಿದು ಖೋಖೋ ಆಡಿಸುತ್ತಿದ್ದೆ. ಓಡುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಿದ್ದೆ, ಮೈ ಸಡಿಲ ಬಿಡಬೇಕು, ಕೈ ಊರಬಾರದು ಅಂತ. ನೀನು ಐದು ವರ್ಷದವಳು ಕಂಬದ ಪಕ್ಕ ನಿಂತು ನನ್ನ ಸೀಟಿ ಊದಿ ಹುಡುಗಿಯರನ್ನೆಲ್ಲ ತಬ್ಬಿಬ್ಬು ಮಾಡುತ್ತಿದ್ದೆ. ಅದೆಲ್ಲ ನೆನಪಿದ್ದೂ ಆ ಫಾರ್ಮು ತುಂಬುವಾಗ ನಿನ್ನ ಕೈ ತಡೆಯಲಿಲ್ಲವೇ? ನನಗೆ ನೋವಾಗಿದೆ. ಗುರುವಾರ ಮಧ್ಯಾಹ್ನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನೀನು ಮೇಲಿನಿಂದ ನಲ್ಲಿ ಬಂದ್ ಮಾಡು ಅವ್ವಾ ಎಂದು ಕೂಗಿದೆ, ನಾನು ಬಂದ್ ಮಾಡಿದೆ.

ಹಿಲ್ಡಾಳ ಮೇಲನ್ನು ನೀನು ಪೂರ್ತಿ ಓದಿದಂತಿಲ್ಲ. ಕೆಳಗೆ ಇನ್ನೊಂದು ವಿಷಯ ಇದೆ. ಡಿಸೆಂಬರ್ ಇಪ್ಪತ್ತಾರರಂದು ಆ ಹಳ್ಳಿಯಲ್ಲಿ ಅಡುಗೆಯವರು ಯಾರೂ ಒಲೆ ಮುಟ್ಟುವುದಿಲ್ಲವಂತೆ. ಅಡುಗೆಯವರು, ಪಾತ್ರೆ ತೊಳೆಯುವವರು, ಹಾಸಿಗೆ ಹಾಸುವವರು ಎಲ್ಲರೂ ಬೆಳಿಗ್ಗೆ ಬೆಟ್ಟ ಹತ್ತುತ್ತಾರೆ. ಸ್ಕೀ ಮಾಡಲು ಗೊತ್ತಿಲ್ಲದವರಿಗೆ ಊರಿನ ಸ್ಕೀ ಮೇಷ್ಟ್ರು ಪಾಠ ಹೇಳುತ್ತಾರೆ. ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಹಿಮದ ಮೇಲೆ ಜಾರುತ್ತ ಇಳಿದು ಬರುತ್ತಾರೆ, ಹೊಸಬರನ್ನು ನಡುವೆ ಹಾಕಿಕೊಂಡು. ವರ್ಷವಿಡೀ ಅವರ ಕೈಯಲ್ಲಿ ಉಂಡವರು ಅವತ್ತು ತಾವೇ ಸೂಪು ಮಾಡಿ, ಬೆಟ್ಟದ ಬುಡದಲ್ಲಿ ನಿಂತು ಕಾಯಬೇಕು. ಅವರ ಅಜ್ಜಿಯ ಕಾಲದಿಂದಲೂ ಹೀಗೇ ಅಂತೆ. ನಿಮ್ಮ ಅಡುಗೆಯವಳೂ ಬರಲಿ, ಆಕೆಯ ಬೂಟಿನ ಅಳತೆ ತಿಳಿಸಿ ಎಂದು ಹಿಲ್ಡಾ ಕೇಳಿದ್ದಾಳೆ.

ನನ್ನ ಮುಖವನ್ನೇ ಕಾಣದ ಹೆಂಗಸು ನನ್ನ ಪಾದದ ಅಳತೆ ಕೇಳಿದಳು. ನನ್ನ ಮಗಳ ಮನೆಯ ಪಟ್ಟಿಯಲ್ಲಿ ಅಡ್ಡಗೆರೆ ಇದೆ.

ಈಗ ನನ್ನ ಎರಡು ಮಾತು ಕೇಳು. ಒಂದು, ಎಂಟನೆಯವಳು ನನ್ನ ತಾಯಿ ಎಂದು ಹಿಲ್ಡಾಳಿಗೆ ಬರೆದು ಫಾರ್ಮು ತಿದ್ದು. ಜಾಗವಿಲ್ಲ ಎಂದರೆ ನಾನು ಇಲ್ಲೇ ಇರುತ್ತೇನೆ. ಪಾರ್ಕಿಗೆ ಬರುವ ಸಣ್ಣತಾಯಮ್ಮ ಜೊತೆಗಿರುತ್ತಾಳೆ, ನನಗೇನೂ ಬೇಸರವಾಗುವುದಿಲ್ಲ. ಎಂಬತ್ತು ರೊಟ್ಟಿ ಬಡಿದು ಕಟ್ಟಿ ಕಳಿಸುತ್ತೇನೆ. ಎರಡು, ಲ್ಯಾಪ್‌ಟಾಪು ಮೇಲೇ ಬಿಟ್ಟು, ಕಿವಿಯೊಳಗಿನದನ್ನು ತೆಗೆದಿಟ್ಟು ಕೆಳಗೆ ಬಾ. ನನ್ನ ಎದುರಿಗೆ ಕೂತು, ತಪ್ಪಾತು ಅವ್ವಾ ಎನ್ನು. ಇಷ್ಟೇ.

ಸಿಟ್ಟಿನಲ್ಲಿ ಬರೆದಿದ್ದೇನೆ, ಹೌದು. ಪ್ರೀತಿ ಕಡಿಮೆಯಾಗಿಲ್ಲ. ಡಬ್ಬಿಯಲ್ಲಿ ನಿನಗಾಗಿ ಕರದಂಟು ಇಟ್ಟಿದ್ದೇನೆ, ಮೀಟಿಂಗು ಮೀಟಿಂಗು ಎಂದು ಹಸಿದಿರಬೇಡ.

ಇಂತಿ ನಿನ್ನ ಅವ್ವ,
ಬಂಗಾರೆವ್ವ
ನಿವೃತ್ತ ಡ್ರಿಲ್ ಟೀಚರ್

ತಾ. ಕ.: ಸಹಿ ಹಾಕಿದ ಮೇಲೆ ಒಂದು ಸುಳ್ಳು ಉಳಿದುಹೋಯಿತು ಎನ್ನಿಸಿತು. ನಾನು ಕರಿಬೇವಿನ ಹತ್ತಿರ ಜಾರಿರಲಿಲ್ಲ. ಒಂದು ತಿಂಗಳಿಂದ ದಿನಾ ಅವಳ ಶಾಲೆ ಬಿಟ್ಟ ಮೇಲೆ ನಾನೂ ಗಾರ್ಗಿಯೂ ಪಾರ್ಕಿನ ದಿಬ್ಬದ ಮೇಲಿನಿಂದ ರಟ್ಟಿನ ಮೇಲೆ ಕೂತು, ನಿಂತು, ಜಾರುವುದನ್ನು ಅಭ್ಯಾಸ ಮಾಡುತ್ತಿದ್ದೇವೆ. ಅವಳನ್ನು ಬೈಯಬೇಡ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದವಳು ನಾನು. ನಿನ್ನೆ ಅವಳ ಕೈಯಲ್ಲೇ ಹಿಲ್ಡಾಳಿಗೆ ಬರೆಸಿದ್ದೆ: ನಾನು ಅಡುಗೆಯವಳಲ್ಲ, ತಾಯಿ, ಆದರೂ ಇಪ್ಪತ್ತಾರಕ್ಕೆ ಬರಬಹುದೇ ಎಂದು. ಈಗಷ್ಟೇ ಉತ್ತರ ಬಂತು. ಇನ್ನೊಂದು ಹಾಸಿಗೆ ಹೇಗೋ ಹಾಕಿಸಬಹುದಂತೆ, ಆದರೆ ಅತಿಥಿಗಳಾದವರು ಆ ಸಾಲಿಗೆ ಸೇರುವಂತಿಲ್ಲ, ಕೆಳಗೆ ನಿಂತು ಸೂಪು ಬಡಿಸಬೇಕಂತೆ. ಹಾಗಾದರೆ ಫಾರ್ಮು ಹಾಗೇ ಇರಲಿ. ತಾಯಿಯಾದರೂ ದಿನಾ ಒಲೆಯ ಮುಂದೆ ನಿಲ್ಲುವವಳು ನಾನೇ ಎಂದು ಹಿಲ್ಡಾಳಿಗೆ ಬರೆಸುತ್ತೇನೆ. ನಾನು ಅಡುಗೆಯವಳಾಗಿಯೇ ಬರುತ್ತೇನೆ, ಬಾಯ್ಲರಿನ ಪಕ್ಕ ಬೆಚ್ಚಗೂ ಇರುತ್ತದೆ. ನನ್ನ ಎರಡನೆಯ ಮಾತನ್ನು ಮಾತ್ರ ಬಿಟ್ಟಿಲ್ಲ. ಬೂಟು ಮೂವತ್ತೆಂಟು, ಫ್ರಿಜ್ಜಿನ ಮೇಲೆ ಪೆನ್ನಿನಿಂದ ಬರೆದಿದ್ದೇನೆ. ಸೂಪು ನಿನ್ನ ಪಾಲಿಗೆ ಬಂದಿದೆ, ಈಗಿನಿಂದಲೇ ಕಲಿ. ಇನ್ನೊಂದು ಮಾತು. ಅವತ್ತು ನಾನು ಇಳಿದು ಬರುವಾಗ ಒಂದ ಮಿನಿಟ್ ಎಂದು ಬೆರಳು ಎತ್ತಬೇಡ. ನಿಲ್ಲುವುದನ್ನು ನಾನಿನ್ನೂ ಕಲಿತಿಲ್ಲ.