ಆನೆ ನಿಲ್ಲುವ ಐಸ್

ಅಬ್ಬಾಸಿಯಾ, ಕುವೈತ್
18 ಫೆಬ್ರವರಿ 2025

ಪ್ರೀತಿಯ ಅನ್ವಿತಾಳಿಗೆ ಕೊರಗಪ್ಪ ಮಾವನ ಆಶೀರ್ವಾದ.

ಈ ವರ್ಷ ಕುವೈತಿನ ಸಮುದ್ರಕ್ಕೆ ಚಳಿ ಹಿಡಿಸಿದವನು ನಿನ್ನ ಮಾವ. ಮೀನುಗಳು ಕಂಬಳಿ ಕೇಳಿಕೊಂಡು ನನ್ನ ರೂಮಿನವರೆಗೆ ಬಂದಿದ್ದವು. ಇಷ್ಟನ್ನು ಅಮ್ಮನಿಗೆ ಓದಿ ಹೇಳು, ನನ್ನ ಅಕ್ಕ ನಗಲಿ. ಮುಂದಿನದು ನಿನಗೆ ಮಾತ್ರ.

ನಿನ್ನ ತಮ್ಮ ಅಖಿಲ ಬೋಟಿನ ಕೆಲಸ ಬಿಟ್ಟು, ಇಲ್ಲಿಗೆ ಬರಲು ಸೂಟ್‌ಕೇಸ್ ಕೊಂಡಿದ್ದಾನೆ ಅಂತ ಮೆಸೇಜ್ ಹಾಕಿದ್ದೆಯಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನನಗೆ ಮತ್ತೆ ತಮಾಷೆಯೇ ಬಾಯಿಗೆ ಬರುತ್ತದೆ.

ನಮ್ಮ ಕಂಟ್ರಾಕ್ಟರ್ ದಡದ ಹತ್ತಿರ ತೇಲುವ ಐಸಿನ ಅಂಗಳ ಕಟ್ಟಿಸುತ್ತಿದ್ದ. ದುಡ್ಡಿದ್ದವರು ಅದರ ಮೇಲೆ ಕುರ್ಚಿ ಹಾಕಿ ಊಟ ಮಾಡಬೇಕಂತೆ. ನೀರಿಗೆ ಮರದ ಹುಡಿ ಕಲಸಿ ಹೆಪ್ಪುಗಟ್ಟಿಸಿದ ಗಡ್ಡೆಗಳನ್ನು ಬೆಸೆದು, ಒಳಗೆ ತಂಪಿನ ಪೈಪು ಎಳೆದು, ಬಸ್ಸು ತಿರುಗಿಸುವಷ್ಟು ಅಗಲ ಮಾಡಿದೆವು. ಏಳನೇ ಕ್ಲಾಸು ಓದಿ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಬೆಳೆದವನು ನಾನು. ಐಸಿಗೆ ನಾನೇ ಡಾಕ್ಟರ್ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ನಂಬಿದರು.

ಹೋದ ವಾರ ಅದು ಒಡೆಯಿತು.

ನನ್ನ ರೂಮಿನ ಶಬೀರ್, ಉಳ್ಳಾಲದವನು, ಪೈಪಿನ ವಾಲ್ವು ತಿರುಗಿಸಲು ನಡುಭಾಗಕ್ಕೆ ಹೋಗಬೇಕಿತ್ತು. ಅಂಚಿನಲ್ಲಿ ನಿಂತು, ಕೊರಗಪ್ಪಣ್ಣ, ಇದು ತಡೀತದಾ, ಇಲ್ಲ ನನ್ನನ್ನು ಮೀನಿಗೆ ಹಾಕ್ತೀರಾ ಅಂತ ಕೇಳಿದ. ಆನೆ ನಿಂತ್ರೂ ಅಲ್ಲಾಡ್ಲಿಕ್ಕಿಲ್ಲ ಮಾರಾಯ, ನಿನ್ನಲ್ಲಿ ಎಂತ ಭಾರ ಉಂಟು, ಯಲ್ಲಾ, ನಡಿ ಅಂದೆ. ನಗುತ್ತ ಹೋದ. ಅವನ ಕಾಲಡಿಯಲ್ಲೇ ಐಸ್ ಎರಡಾಯಿತು, ಅವನು ಇಳಿದ, ತುಂಡುಗಳು ಮತ್ತೆ ಕೂಡಿಕೊಂಡವು. ಅಡಿಯಿಂದ ಅವನು ಬಡಿಯುವುದು ನಮಗೆ ಕೇಳುತ್ತಿತ್ತು. ಹಾರೆ ಹಿಡಿದು ಮೇಲಿನಿಂದ ಕುಟ್ಟಿದೆವು. ಅವನು ಬಡಿಯುವುದು ನಿಂತ ಮೇಲೂ ಕುಟ್ಟಿದೆವು.

ಅವನ ಹೆಂಡತಿ ಹಫೀಝಾ ಫೋನಿನಲ್ಲಿ ಕೇಳಿದಳು. ಕೂಡಲೇ ಹೋದ, ಅವನಿಗೆ ಏನೂ ಗೊತ್ತಾಗಲಿಲ್ಲ ಅಂದೆ.

ಈ ಪತ್ರ ತಂದ ಅಝರುದ್ದೀನ್ ಅವಳ ಅಣ್ಣ. ಶಬೀರನ ಪೆಟ್ಟಿಗೆಯೊಂದಿಗೆ ಒಂದೇ ವಿಮಾನದಲ್ಲಿ ಬಂದು, ಮಣ್ಣು ಮಾಡಿ, ನಿಮ್ಮಲ್ಲಿಗೆ ಬಂದಿದ್ದಾನೆ. ಚಹಾ ಕೊಡು. ಏನೂ ಕೇಳಬೇಡ.

ಕಂಟ್ರಾಕ್ಟರ್ ಇನ್ನೊಂದು ಕಟ್ಟುತ್ತಾನಂತೆ, ಇದಕ್ಕಿಂತ ದೊಡ್ಡದು. ಅಖಿಲನಿಗೆ ಅವನು ಕಳಿಸಿದ ವೀಸಾ ಶಬೀರನ ಜಾಗಕ್ಕೆ. ನಾನು ಬರಬೇಡ ಅಂದರೆ, ಮಾವ ಆಟ ಆಡಿಸುತ್ತಾನೆ ಅಂತ ಅವನು ಇನ್ನೂ ಬೇಗ ಹೊರಡುತ್ತಾನೆ. ಅವನ ಪಾಸ್‌ಪೋರ್ಟ್ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕು. ಬೈದರೆ ಬೈಯಲಿ.

ನಿನ್ನ ಮಾವ,
ಕೊರಗಪ್ಪ

ತಾ.ಕ.: ಒಂದು ಮಾತು ಬಿಟ್ಟೆ. ಹಿಂದಿನ ಸಂಜೆ ಆ ಐಸನ್ನು ಕಬ್ಬಿಣದ ಸರಳಿನಿಂದ ಕುಟ್ಟಿ ನೋಡಿದ್ದೆ. ಮೀನಿನ ಪೆಟ್ಟಿಗೆಯಲ್ಲಿ ಐಸ್ ಅಡಿಯಿಂದ ಕರಗಿದಾಗ ಬರುವ ಟೊಳ್ಳು ಸದ್ದು. ಸಮುದ್ರ ಅದನ್ನು ಕೆಳಗಿನಿಂದ ತಿಂದಿತ್ತು. ಬಾಯಿ ಬಿಟ್ಟಿದ್ದರೆ ಕೆಲಸ ನಿಲ್ಲುತ್ತಿತ್ತು, ಅದರಲ್ಲಿ ನಾನು ಪಾಲಿಗೆ ಹಾಕಿದ ದುಡ್ಡೂ ಹೋಗುತ್ತಿತ್ತು. ಅಳಿಯನನ್ನು ಕರೆಸು, ಎರಡನೆಯದು ಎದ್ದ ಮೇಲೆ ನಿನ್ನ ದುಡ್ಡು ವಾಪಸ್, ಇಲ್ಲದಿದ್ದರೆ ಖಲಾಸ್ ಅಂದಿದ್ದಾನೆ ಕಂಟ್ರಾಕ್ಟರ್. ಅಖಿಲ ಬರುವುದಿಲ್ಲ ಅಂತ ನಾಳೆ ಹೇಳುತ್ತೇನೆ. ಆ ಐಸಿಗೆ ಐವತ್ತು ದಿನಾರ್ ಹಾಕಿದ್ದೇನೆ ಅಂತ ಅಮ್ಮನ ಹತ್ತಿರ ಹೇಳಿದ್ದೆ. ಹಾಕಿದ್ದು ಮೂರು ಸಾವಿರದ ಎಂಟುನೂರು.