ಶೀಗಿ ಹುಣ್ಣಿಮೆಯಿಂದ ಎಣಿಸಿದ ತಿಂಗಳುಗಳು

ನನ್ನ ಹೆರಿಗೆ ಮಾಡಿಸಿದ ಹಲೀಮಾ ಖಾಲಾ,

ನಿನಗೆ ಓದು ಬರಹ ಬರುತ್ತಿರಲಿಲ್ಲ. ಕಮಲಾಪುರದಲ್ಲಿ ಹುಡುಗರಿಗೆ ಅಕ್ಷರ ಕಲಿಸುವ ನಮ್ಮಪ್ಪ ನನಗೂ ಕಲಿಸಿದ್ದಾನೆ ಎಂದಾಗ, ಅದರಿಂದ ರೊಟ್ಟಿ ಬೇಗ ಬೇಯುತ್ತದೇನು ಎಂದು ನೀನು ನಕ್ಕಿದ್ದೆ. ನೀನು ಹೋಗಿ ಒಂಬತ್ತು ತಿಂಗಳಾಯಿತು. ನೀನಿರುವಲ್ಲಿ ಓದು ಬರದವರಿಗೂ ಎಲ್ಲ ತಿಳಿಯುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ಒಂದು ತಪ್ಪು ಒಪ್ಪಿಕೊಳ್ಳಬೇಕು, ಒಂದು ಸುದ್ದಿ ಹೇಳಬೇಕು.

ಶ್ರಾವಣದಲ್ಲಿ ಶರಣವ್ವ ಹುಟ್ಟಿದ ದಿನ ನಿನಗೆ ನೆನಪಿರಬೇಕು. ಏಳೇ ತಿಂಗಳಿಗೆ ಬಂದ ಕೂಸು, ಅಂಗೈ ಮತ್ತು ಮೊಣಕೈ ನಡುವೆ ಹಿಡಿಸುವಷ್ಟು. ನಮ್ಮ ಅತ್ತೆ ಮುಖ ತಿರುಗಿಸಿ ಕುಳಿತುಬಿಟ್ಟರು. ಇದು ಉಳಿಯುವುದಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನೀನು ಮಾತ್ರ ಹಿಂಜಿದ ಹತ್ತಿಯಲ್ಲಿ ಕೂಸನ್ನು ಸುತ್ತಿ ನನ್ನ ಎದೆಗೆ ಕಟ್ಟಿದೆ, ಕೋಳಿ ಮರಿ ಇಟ್ಟುಕೊಂಡ ಹಾಗೆ ಇಟ್ಟುಕೋ ಎಂದೆ. ಆಮೇಲೆ ನೀನು ಹೇಳಿದ ಮಾತಿನ ಮೇಲೆ ನಾನು ಇಡೀ ವರ್ಷ ಬದುಕಿದ್ದೇನೆ.

“ದೇಖ್ ಬೇಟಿ, ಹುಟ್ಟಿದ ದಿನದಿಂದ ಎಣಿಸಬ್ಯಾಡ. ಇಕಿ ಬರಬೇಕಾಗಿದ್ದು ಇನ್ನೆರಡು ತಿಂಗಳಿಗಿ, ಶೀಗಿ ಹುಣ್ಣಿಮಿಗಿ. ಅಲ್ಲಿತನಕ ಇನ್ನಾ ನಿನ್ನ ಹೊಟ್ಯಾಗೇ ಅದಾಳಂತ ತಿಳಕೊ.”

ಮೂರನೆಯ ತಿಂಗಳು ಬಂದರೂ ಅವಳು ನಗಲಿಲ್ಲ. ಶಹಾಬಜಾರದ ನಮ್ಮ ಓಣಿಯ ಹೆಂಗಸರು ಬಂದು ನೋಡಿ, ಕೂಸು ಮಂಕು ಎಂದು ತೀರ್ಪು ಕೊಟ್ಟು ಹೋದರು. ಇವರಿಗೇನು, ಅವರವರ ಮಕ್ಕಳೆಲ್ಲ ತೊಟ್ಟಿಲಲ್ಲೇ ಲೆಕ್ಕ ಓದುತ್ತಿದ್ದವೇ? ನಾನು ನಿನ್ನ ಎಣಿಕೆ ಹಿಡಿದು ಕುಳಿತೆ. ಶೀಗಿ ಹುಣ್ಣಿಮೆ ಕಳೆದು ಆರು ವಾರಕ್ಕೆ, ಎಣ್ಣೆ ಹಚ್ಚುವಾಗ, ಅವಳು ನನ್ನ ಮುಖ ನೋಡಿ ನಕ್ಕಳು. ಸಂಕ್ರಾಂತಿಯ ಹೊತ್ತಿಗೆ ಕುತ್ತಿಗೆ ನಿಂತಿತು. ನೋಡಲು ನೀನು ಬರಲಿಲ್ಲ, ಜ್ವರದಲ್ಲಿ ಮಲಗಿದ್ದೆ. ನಿನ್ನನ್ನು ಜನಾಜಾದಲ್ಲಿ ಹೊತ್ತು ನಮ್ಮ ಬಾಗಿಲ ಮುಂದೆ ಒಯ್ಯುವಾಗ ಅವಳನ್ನು ಎತ್ತಿ ಹಿಡಿದಿದ್ದೆ ಖಾಲಾ. ತಲೆ ನೆಟ್ಟಗಿಟ್ಟುಕೊಂಡು ನೋಡುತ್ತಿದ್ದಳು.

ಈಗ ನನ್ನ ತಪ್ಪು. ಕೂಸನ್ನು ಮಲಗಿಸಲು ಅಫೀಮು ಮುಟ್ಟಬೇಡ ಎಂದು ನೀನು ನನ್ನ ಕೈ ಮೇಲೆ ಕೈಯಿಟ್ಟು ಹೇಳಿದ್ದೆ. ಆದರೆ ಈ ಊರಲ್ಲಿ ಕೊಡದ ಮನೆ ಯಾವುದಿತ್ತು? ನೀನು ಹೋದ ತಿಂಗಳಲ್ಲೇ ಮಾವ ಹಾಸಿಗೆ ಹಿಡಿದರು. ಕೆಲಸವೆಲ್ಲ ನನ್ನ ಮೇಲೆ, ಕೂಸು ಬೆಳಗಿನಿಂದ ಅಳು. ಸಾಸಿವೆ ಕಾಳಿನಷ್ಟು ತೇದು ಹಾಲಲ್ಲಿ ನೆಕ್ಕಿಸು, ನಾನೂ ನನ್ನ ಮಕ್ಕಳಿಗೆ ಅದನ್ನೇ ಕೊಟ್ಟಿದ್ದೆ ಎಂದರು ಅತ್ತೆ. ನೆಕ್ಕಿಸಿದೆ. ನಾನೇ, ನನ್ನ ಈ ಬೆರಳಿನಿಂದಲೇ. ಮನೆ ಎಷ್ಟು ಶಾಂತವಾಯಿತು ಎಂದರೆ ಮರುದಿನ ಯಾರೂ ಹೇಳದೆಯೇ ಕೊಟ್ಟೆ.

ಒಂದು ತಿಂಗಳು ಹಾಗೇ ನಡೆಯಿತು. ಒಂದು ದಿನ ಹಿತ್ತಾಳೆ ಚರಿಗೆ ಅವಳ ಪಕ್ಕದಲ್ಲೇ ಬಿದ್ದು ಉರುಳಿತು. ಅವಳು ಬೆಚ್ಚಲಿಲ್ಲ, ತಿರುಗಿ ನೋಡಲಿಲ್ಲ. ಎತ್ತಿಕೊಂಡರೆ, ನಿಂತಿದ್ದ ಕುತ್ತಿಗೆ ಮತ್ತೆ ವಾಲಿತು. ನಗು ಯಾವಾಗ ನಿಂತಿತ್ತು? ನನಗೆ ಗೊತ್ತೇ ಇರಲಿಲ್ಲ. ತಾಯಿಯಾದವಳಿಗೆ ಅದು ಗೊತ್ತಿರಲಿಲ್ಲ ಎಂದರೆ...

ಅವತ್ತೇ ಅಫೀಮಿನ ಡಬ್ಬಿಯನ್ನು ಬಚ್ಚಲಿಗೆ ಸುರಿದೆ. ಅತ್ತೆ ಬೈದರು. ನಾನು ಗಾಡಿ ಕಟ್ಟಿಸಿಕೊಂಡು ತವರು ಕಮಲಾಪುರಕ್ಕೆ ಹೋದೆ. ಎಂಟು ದಿನ ಅವಳು ಅತ್ತ ಅಳು ಇಡೀ ಕಮಲಾಪುರಕ್ಕೆ ಕೇಳಿರಬೇಕು. ಮೈ ನಡುಗುತ್ತಿತ್ತು, ಹಾಲು ಕಾರುತ್ತಿದ್ದಳು. ಒಂದು ಚೂರು ಕೊಟ್ಟರೆ ಸುಮ್ಮನಾಗುತ್ತಾಳೆ ಎಂದು ನನಗೆ ಗೊತ್ತಿತ್ತು, ಕೊಡಲಿಲ್ಲ. ಅಪ್ಪ ಹುಡುಗರ ಪಾಠ ಬಿಟ್ಟು ಅವಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದ. ಒಂಬತ್ತನೆಯ ದಿನ ಅವಳಿಗೆ ನಿಜವಾದ ನಿದ್ದೆ ಬಂತು. ಇನ್ನೊಂದು ವಾರಕ್ಕೆ ನಮ್ಮೂರ ಕೆಂಪು ಬಾಳೆಹಣ್ಣನ್ನು ಕಿವುಚಿ ನಾಲಿಗೆಗೆ ಹಚ್ಚಿದೆ. ಮುಖ ಕಿವುಚಿದಳು, ಆಮೇಲೆ ನನ್ನ ಬೆರಳನ್ನೇ ಎಳೆದು ಚೀಪಿದಳು.

ಅಲ್ಲಿಂದ ಅವಳು ಹಿಂತಿರುಗಿ ನೋಡಿಲ್ಲ. ಕಾರ ಹುಣ್ಣಿಮೆಗೆ ಕುಳಿತಳು, ಆಷಾಢದಲ್ಲಿ ಅಂಬೆಗಾಲಿಟ್ಟಳು. ಶ್ರಾವಣದಲ್ಲಿ ಹೊರಸಿನ ಕಾಲು ಹಿಡಿದು ನಿಂತಳು. ಅಷ್ಟರಲ್ಲಿ ನಾವು ಶಹಾಬಜಾರಕ್ಕೆ ಮರಳಿದ್ದೆವು. ವರ್ಷವಾದರೂ ನಡೆಯಲಿಲ್ಲವಲ್ಲ ಎಂದು ಓಣಿಯವರು ಮತ್ತೆ ಬಂದರು. ಇನ್ನೆರಡು ತಿಂಗಳು ಬಿಟ್ಟು ಬನ್ನಿ, ನಡೆದು ತೋರಿಸುತ್ತಾಳೆ ಎಂದೆ. ನನಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆ ಒಂದು ತಿಂಗಳ ಅಫೀಮು ಏನನ್ನು ತಿಂದಿದೆಯೋ ಎಂದು ದಿನಾ ಅವಳ ಕಣ್ಣನ್ನೇ ನೋಡುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಶರಣವ್ವ ಗೋಡೆ ಬಿಟ್ಟಳು. ಐದು ಹೆಜ್ಜೆ. ಹೋಗಿ ಬಿದ್ದದ್ದು ಅಕ್ಕಿ ಆರಿಸುತ್ತಿದ್ದ ಅತ್ತೆಯ ಮಡಿಲಿಗೆ. ಅವರು ಅವಳನ್ನು ಅಪ್ಪಿಕೊಳ್ಳಲಿಲ್ಲ, ನಗಲೂ ಇಲ್ಲ. ಬಹಳ ಹೊತ್ತು ಅವಳ ಅಂಗಾಲನ್ನು ಸವರುತ್ತ ಕುಳಿತರು. ನಿನಗೆ ಗೊತ್ತಲ್ಲ, ನನ್ನ ಗಂಡನಿಗಿಂತ ಮೊದಲು ಅವರಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ದೃಷ್ಟಿ ತಾಗಿತು ಎಂದೇ ಇಷ್ಟು ವರ್ಷ ಹೇಳುತ್ತಿದ್ದರು.

“ನನ್ನ ಮೂರೂ ಹಾಲು ಕುಡದು ಮಕ್ಕೊಂಡಿದ್ವು ನೀಲವ್ವ,” ಎಂದರು. “ಮಕ್ಕೊಂಡಾವು ಏಳಲಿಲ್ಲ. ಅದು ನಾನ ಅಫೀಮು ಕೊಟ್ಟಿದ್ದರಿಂದೇ ಏನ?”

ಏನು ಹೇಳಲಿ ಖಾಲಾ? ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ಆ ಮುದುಕಿ ಹೇಗೆ ಬದುಕಬೇಕು? ನಿಮಗೆ ಯಾರೂ ಹೇಳಿರಲಿಲ್ಲ, ನನಗೆ ಹಲೀಮಾ ಖಾಲಾ ಹೇಳಿದ್ದಳು, ಆದರೂ ನಾನು ಕೊಟ್ಟೆ ಎಂದೆ. ಅವರ ಪಕ್ಕ ಕುಳಿತೆ, ಇಬ್ಬರೂ ಅತ್ತೆವು.

ಮೂಲೆಯ ಬಳೆಗಾರರ ಮನೆಯಲ್ಲಿ ಈಗ ನಲವತ್ತು ದಿನದ ಕೂಸಿದೆ. ಹಗಲೆಲ್ಲ ಅದರ ದನಿಯೇ ಕೇಳುವುದಿಲ್ಲ. ನಾಳೆ ಅಲ್ಲಿಗೆ ಹೋಗುತ್ತೇನೆ. ಬೈದರೆ ಬೈಯಲಿ, ಬಾಗಿಲು ಹಾಕಿದರೆ ಮರುದಿನ ಮತ್ತೆ ಹೋಗುತ್ತೇನೆ. ಅದಾದ ಮೇಲೆ ತೊಟ್ಟಿಲು ಕಟ್ಟಿದ ಪ್ರತಿ ಮನೆಗೂ. ಇದು ನಿನಗೆ ನಾನು ಕೊಡುವ ಮಾತು.

ಅತ್ತೆಗೆ ಹೇಳಿದಾಗ, ನೀನು ಚಿಕ್ಕವಳು, ನಿನ್ನ ಮಾತು ಯಾರು ಕೇಳುತ್ತಾರೆ ಎಂದರು. ನಾಳೆ ಅವರೂ ಬರುತ್ತಾರಂತೆ. ತಮ್ಮ ಮೂರು ಮಕ್ಕಳ ಹೆಸರನ್ನು ಅವರೇ ಹೇಳುತ್ತಾರಂತೆ.

ನಿನ್ನ ನೀಲವ್ವ